ಶಾರ್ತ್ರದ ಕೆಥೀಡ್ರಲ್: ಸುಟ್ಟದ್ದು, ಉಳಿಸಿಕೊಂಡದ್ದು



ಈ ಸಂಜೆಯ ಮಾತಿಗೆ ನಾನು ಆರಿಸಿಕೊಂಡಿರುವುದು ಫ್ರಾನ್ಸಿನ ಶಾರ್ತ್ರ ಎಂಬ ಊರಿನ ಕೆಥೀಡ್ರಲ್ಲನ್ನು. ದತ್ತಿ ಉಪನ್ಯಾಸಕ್ಕೆ ಈ ವಿಷಯ ಹೊರಗಿನದೆಂದು ನನಗೆ ಅನ್ನಿಸಲಿಲ್ಲ. ಎಂಟುನೂರು ವರ್ಷಗಳ ಹಿಂದೆ ರಾಜಮನೆತನದವರು, ಸಾಮಂತರು, ಪಾದ್ರಿಗಳು, ಯಾತ್ರಿಕರು ಕೊಟ್ಟ ದತ್ತಿಗಳಿಂದ ಎದ್ದ ಕಟ್ಟಡ ಅದು. ಕೊಟ್ಟವರಲ್ಲಿ ಹಲವರ ಗುರುತು ಅಲ್ಲಿನ ಕಿಟಕಿಗಳ ಮೇಲೆ ಇವತ್ತಿಗೂ ಇದೆ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಹಳೆಯ ಕಟ್ಟಡವನ್ನು ಉಳಿಸಿಕೊಳ್ಳುವುದೆಂದರೆ ಏನು ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡಿದೆ. ನಾನು ನೋಡಿದ ಸ್ಮಾರಕಗಳಲ್ಲೆಲ್ಲ ಆ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರ ಸಿಕ್ಕಿದ್ದು ಶಾರ್ತ್ರದಲ್ಲಿ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಒಂದೊಂದು ತಲೆಮಾರಿನವರೂ ಕೂತು ತೀರ್ಮಾನ ಮಾಡಿದ್ದರಿಂದ ಅದು ನಮ್ಮ ಕಾಲದವರೆಗೆ ಬಂದಿದೆ.

1194ರ ಜೂನ್ ತಿಂಗಳಿನಿಂದ ಶುರುಮಾಡುತ್ತೇನೆ. ಆ ತಿಂಗಳ 10ರ ರಾತ್ರಿ ಊರಿಗೆ ಬೆಂಕಿ ಬಿತ್ತು. ಆಗ ಅಲ್ಲಿದ್ದ ಕೆಥೀಡ್ರಲ್ ಅದಕ್ಕೂ ಹಿಂದೆ, 1020ರಲ್ಲಿ ಆದ ಬೆಂಕಿ ಅನಾಹುತದ ನಂತರ ಬಿಷಪ್ ಫುಲ್ಬೇರ್ ಕಟ್ಟಿಸಿದ್ದು. ಅದಕ್ಕೆ ಸಮುದ್ರದಾಚೆಯಿಂದ ಇಂಗ್ಲೆಂಡ್ ಮತ್ತು ಡೆನ್ಮಾರ್ಕಿನ ದೊರೆ ಕ್ನೂಟ್ ಹಣ ಕಳಿಸಿದ್ದ. ಅವನಿಗೆ ಫುಲ್ಬೇರ್ ಬರೆದ ಕೃತಜ್ಞತೆಯ ಪತ್ರ ಉಳಿದಿದೆ. ಅಂಥ ಕಟ್ಟಡ ಸುಟ್ಟುಹೋಯಿತು. ಜನರನ್ನು ಕಂಗೆಡಿಸಿದ್ದು ಕಟ್ಟಡ ಹೋದದ್ದಕ್ಕಿಂತ ಹೆಚ್ಚಾಗಿ ಅದರೊಳಗಿದ್ದ ಒಂದು ಬಟ್ಟೆ. ಯೇಸುವನ್ನು ಹೆರುವಾಗ ತಾಯಿ ಮರಿಯಳು ತೊಟ್ಟಿದ್ದಳೆಂದು ನಂಬಿದ ಆ ಬಟ್ಟೆಯನ್ನು 876ರಲ್ಲಿ ದೊರೆ ಬೋಳುತಲೆಯ ಶಾರ್ಲ್ ಕೆಥೀಡ್ರಲ್ಲಿಗೆ ಕೊಟ್ಟಿದ್ದ. ಅದನ್ನು ಕಾಣಲೆಂದೇ ದೂರದೂರದಿಂದ ಯಾತ್ರಿಕರು ಬರುತ್ತಿದ್ದರು. ಅದೂ ಬೂದಿಯಾಯಿತೆಂದರೆ ಊರಿನ ಭಾಗ್ಯವೇ ಮುಗಿಯಿತೆಂದು ಜನ ಕೈಚೆಲ್ಲಿ ಕೂತರು. ಮೂರನೆಯ ದಿನ, ನೆಲಮಾಳಿಗೆಯಲ್ಲಿ ಸಿಕ್ಕಿಹಾಕಿಕೊಂಡಿದ್ದ ಪಾದ್ರಿಗಳು ಅದೇ ಬಟ್ಟೆಯ ಪೆಟ್ಟಿಗೆಯನ್ನು ಹೊತ್ತು ಮೇಲೆ ಬಂದರು. ಪೋಪರ ಪ್ರತಿನಿಧಿಯಾಗಿ ಆಗ ಊರಿನಲ್ಲಿದ್ದ ಕಾರ್ಡಿನಲ್ ಮೇಲಿಯೋರ್, ಇನ್ನೂ ದೊಡ್ಡದಾಗಿ ಕಟ್ಟಿಸಿಕೊಳ್ಳಲೆಂದೇ ಮಾತೆ ಹಳೆಯದನ್ನು ಸುಡಗೊಟ್ಟಳು ಎಂದು ಜನರನ್ನು ಹುರಿದುಂಬಿಸಿದನಂತೆ. ಬಿಷಪರೂ ಕೆಥೀಡ್ರಲ್ಲಿನ ಪಾದ್ರಿಗಳ ಮಂಡಳಿಯೂ ಮೂರು ವರ್ಷ ತಮ್ಮ ಆದಾಯದ ದೊಡ್ಡ ಪಾಲನ್ನು ಕಟ್ಟಡಕ್ಕೆ ಬಿಟ್ಟುಕೊಟ್ಟರು. ಹತ್ತಿರದ ಬೆರ್ಶೇರ್ ಗಣಿಯ ಗಟ್ಟಿ ಸುಣ್ಣಕಲ್ಲು ಗಾಡಿಗಳಲ್ಲಿ ಬಂತು. ಸುಮಾರು 1220ರ ಹೊತ್ತಿಗೆ ಕಮಾನು ಛಾವಣಿ ಮೇಲೆ ಕೂತಿತ್ತು. ಒಂದು ತಲೆಮಾರಿನೊಳಗೆ 130 ಮೀಟರ್ ಉದ್ದದ, ಒಳಗಡೆ ನೆಲದಿಂದ 37 ಮೀಟರ್ ಎತ್ತರದ ಕಟ್ಟಡ ಎದ್ದಿತು. 1260ರಲ್ಲಿ ದೊರೆ ಒಂಬತ್ತನೆಯ ಲೂಯಿಯ ಸಮ್ಮುಖದಲ್ಲಿ ಪ್ರತಿಷ್ಠೆ ನಡೆಯಿತು.

ಹೀಗೆ ಉತ್ಸಾಹದಿಂದ ಹೊಸದನ್ನು ಕಟ್ಟುವವರು ಹಳೆಯದನ್ನು ಏನು ಮಾಡಿದರು? ನನ್ನ ಮಾತಿನ ಎಳೆ ಇಲ್ಲಿಂದ ಹೊರಡುತ್ತದೆ. ಬೆಂಕಿಗೆ ಸಿಕ್ಕದೆ ಮುಖ್ಯವಾಗಿ ಉಳಿದದ್ದು ಫುಲ್ಬೇರನ ನೆಲಮಾಳಿಗೆ, ಪಶ್ಚಿಮದ ಮುಂಭಾಗ, ಅದರ ಎರಡು ಗೋಪುರಗಳು, ಅದರ ಮೂರು ಕಿಟಕಿಗಳು. ನೆಲಮಾಳಿಗೆಯೊಂದನ್ನು ಬಿಟ್ಟರೆ ಅವು ಬೆಂಕಿಗಿಂತ ಸುಮಾರು ನಲವತ್ತು-ಐವತ್ತು ವರ್ಷ ಹಿಂದಿನ ಕೆಲಸ. ಹೊಸ ಯೋಜನೆಯ ಅಳತೆಗೆ ಚಿಕ್ಕವು, ಶೈಲಿಯಲ್ಲೂ ಆಗಲೇ ಹಳತು. ಕೆಡವಿ ಹೊಸದಾಗಿ ಕಟ್ಟಲು ಹಣವೂ ಇತ್ತು, ಹುರುಪೂ ಇತ್ತು. ಅವರು ಕೆಡವಲಿಲ್ಲ. ಹೊಸ ಕಟ್ಟಡವನ್ನೇ ಹಳೆಯ ಮುಖಕ್ಕೆ ತಂದು ಸೇರಿಸಿದರು. ಹಿಂದಿನ ಛಾವಣಿ ತುಂಬ ಎತ್ತರವಾಗಿ ಮುಂದಿನ ಗೋಡೆ ಸಾಲದಾದಾಗ ಹಳೆಯ ಮೂರು ಕಿಟಕಿಗಳ ಮೇಲೆ ಒಂದು ದೊಡ್ಡ ದುಂಡು ಕಿಟಕಿಯನ್ನು ಕೂರಿಸಿದರು. ಹೊರಗೆ ನಿಂತು ದಿಟ್ಟಿಸಿದರೆ ಆ ಬೆಸುಗೆ ಕಣ್ಣಿಗೆ ಬೀಳುತ್ತದೆ. ಎರಡು ಶಿಖರಗಳೂ ಒಂದೇ ಕಾಲದವಲ್ಲ. ದಕ್ಷಿಣದ್ದು 12ನೆಯ ಶತಮಾನದ್ದು, ಅಲಂಕಾರವಿಲ್ಲದ ನಿರಾಡಂಬರ ಕಲ್ಲು. ಉತ್ತರದ ಶಿಖರ 1506ರಲ್ಲಿ ಸಿಡಿಲಿಗೆ ಹೋದ ಮೇಲೆ ಜೆಆನ್ ದ ಬೋಸ್ ಎಂಬ ಶಿಲ್ಪಿ 1507ರಿಂದ 1513ರವರೆಗೆ ತನ್ನ ಕಾಲದ ಕುಸುರಿಯಲ್ಲಿ ಮೇಲೆತ್ತಿದ್ದು. ಸರಿಜೋಡಿಯಾಗಲೆಂದು ಯಾರೂ ಹಳೆಯದನ್ನು ಅನುಕರಿಸಲಿಲ್ಲ, ಹಳೆಯದನ್ನು ತಿದ್ದಲೂ ಇಲ್ಲ.

ಪ್ಯಾರಿಸ್ಸಿನ ಮೊಂಪಾರ್ನಾಸ್ ನಿಲ್ದಾಣದಿಂದ ಶಾರ್ತ್ರಕ್ಕೆ ರೈಲಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತಿನ ದಾರಿ. ಬೋಸ್ ಎಂಬ ಆ ಸೀಮೆ ಪೂರಾ ಗೋಧಿಯ ಬಯಲು. ಬೆಟ್ಟಗುಡ್ಡಗಳ ಅಡ್ಡಿಯಿಲ್ಲದ್ದರಿಂದ ಊರು ಬರುವುದಕ್ಕೆ ಬಹಳ ಮೊದಲೇ ಪೈರಿನ ಮೇಲೆ ಆ ಎರಡು ಶಿಖರಗಳು ಏಳುತ್ತವೆ. ನಿಲ್ದಾಣದಿಂದ ನಡೆದೇ ಹೋಗಬಹುದು. ನಾನು ನೇರ ಒಳಗೆ ಹೋಗದೆ ಪಶ್ಚಿಮದ ಬಾಗಿಲುಗಳ ಮುಂದೆ ನಿಂತೆ. ರಾಜದ್ವಾರ ಎಂದು ಅವುಗಳ ಹೆಸರು. ಕಂಬಗಳಿಗೆ ಅಂಟಿ ನಿಂತ ರಾಜರಾಣಿಯರು, ಬೈಬಲ್ಲಿನ ಹಳೆಯ ಒಡಂಬಡಿಕೆಯ ಹಿರಿಯರು. ಮೊದಲಿಗೆ ಇಂಥ 24 ಪ್ರತಿಮೆಗಳಿದ್ದವು, ಈಗ 19 ಉಳಿದಿವೆ. ಮೈ ಕಂಬದಂತೆಯೇ ನೀಳ. ಬಟ್ಟೆಯ ಮಡಿಕೆಗಳು ಸಣ್ಣ ಸಣ್ಣ ಗೆರೆಗಳಾಗಿ ಪಾದದವರೆಗೆ ಇಳಿಯುತ್ತವೆ. ಮುಖಗಳು ಮಾತ್ರ ಬೇರೆಬೇರೆ ಮನುಷ್ಯರವು. ಎಲ್ಲೋ ಕಂಡವರು ಎನ್ನಿಸುವಷ್ಟು ಸಮೀಪದ ಮುಖಗಳು.

ಬಲಗಡೆಯ ಬಾಗಿಲಿನ ಕಮಾನಿನಲ್ಲಿ ಏಳು ವಿದ್ಯೆಗಳ ಶಿಲ್ಪಗಳಿವೆ. ವ್ಯಾಕರಣ ಅಲ್ಲೊಬ್ಬ ಹೆಂಗಸು. ಕೈಯಲ್ಲಿ ಬೆತ್ತ, ಕಾಲ ಬಳಿ ಇಬ್ಬರು ಹುಡುಗರು. ಒಬ್ಬ ಓದುತ್ತಿದ್ದಾನೆ, ಇನ್ನೊಬ್ಬ ಅವನ ಕೂದಲು ಹಿಡಿದು ಎಳೆಯುತ್ತಿದ್ದಾನೆ. ಸಂಗೀತ ಎಂಬಾಕೆ ಗಂಟೆಗಳನ್ನು ಬಾರಿಸುತ್ತಿದ್ದಾಳೆ. ಅವಳ ಕೆಳಗೆ ತೊಡೆಯ ಮೇಲೆ ಬರೆಯುವ ಮಣೆಯಿಟ್ಟುಕೊಂಡು, ಬೆನ್ನು ಬಗ್ಗಿಸಿ, ಬರೆಯುತ್ತಾ ಕೂತವನನ್ನು ಪೈಥಾಗೊರಸ್ ಎಂದು ಗುರುತಿಸುತ್ತಾರೆ. ದೇವಾಲಯದ ಬಾಗಿಲಲ್ಲಿ ಕ್ರೈಸ್ತನಲ್ಲದ ಗ್ರೀಕ್ ಗಣಿತಜ್ಞ! ಅದಕ್ಕೆ ಕಾರಣ ಇಲ್ಲಿದ್ದ ಪಾಠಶಾಲೆ. ಪ್ಯಾರಿಸ್ಸಿನ ವಿಶ್ವವಿದ್ಯಾಲಯ ಹುಟ್ಟುವ ಮೊದಲು ವಿದ್ಯೆಗೆ ಹೆಸರಾದ ಊರು ಶಾರ್ತ್ರ. ಇಲ್ಲಿ ಪಾಠ ಹೇಳಿದ ಬೆರ್ನಾರ್ ಎಂಬ ಗುರು, ನಾವು ದೈತ್ಯರ ಹೆಗಲೇರಿದ ಕುಬ್ಜರು, ಹೆಚ್ಚು ದೂರ ನೋಡುವುದು ನಮ್ಮ ಕಣ್ಣಿನ ಬಲದಿಂದಲ್ಲ ಎಂಬ ಅರ್ಥದ ಮಾತು ಹೇಳುತ್ತಿದ್ದನೆಂದು ಸಾಲ್ಸ್‌ಬರಿಯ ಜಾನ್ ಬರೆದಿಟ್ಟಿದ್ದಾನೆ. ಆ ಜಾನ್ ಮುಂದೆ ಇದೇ ಶಾರ್ತ್ರದ ಬಿಷಪ್ ಆದ. ಅವನು ತೀರಿಕೊಂಡು ಸುಮಾರು ಅರ್ಧ ಶತಮಾನ ಕಳೆದ ಮೇಲೆ ದಕ್ಷಿಣದ ದುಂಡು ಕಿಟಕಿಯ ಕೆಳಗೆ ಗಾಜಿನ ಕೆಲಸದವರು ಚಿತ್ರಿಸಿದ್ದು ಏನು ಗೊತ್ತೇ? ನಾಲ್ವರು ಪ್ರವಾದಿಗಳ ಹೆಗಲ ಮೇಲೆ ಕುಳಿತ ನಾಲ್ವರು ಸುವಾರ್ತಾಕಾರರು. ಯೆಶಾಯನ ಹೆಗಲ ಮೇಲೆ ಮತ್ತಾಯ, ಯೆರೆಮೀಯನ ಮೇಲೆ ಲೂಕ, ಯೆಹೆಜ್ಕೇಲನ ಮೇಲೆ ಯೋಹಾನ, ದಾನಿಯೇಲನ ಮೇಲೆ ಮಾರ್ಕ. ಹೊತ್ತವರು ದೊಡ್ಡವರು, ಕೂತವರು ಚಿಕ್ಕವರು. ತರಗತಿಯ ಮಾತೇ ಗಾಜಿಗೇರಿತೋ ಅಲ್ಲವೋ ಎಂಬುದನ್ನು ವಿದ್ವಾಂಸರು ಚರ್ಚಿಸುತ್ತಾರೆ. ಹಳೆಯ ಮುಖವನ್ನು ಕೆಡವದೆ ಹೊಸ ಮೈ ಕಟ್ಟಿದ ಊರಿನಲ್ಲಿ ಆ ಚಿತ್ರ ಮೂಡಿದ್ದು ನನಗಂತೂ ಆಕಸ್ಮಿಕವೆನ್ನಿಸುವುದಿಲ್ಲ.

ಈಗ ಒಳಗೆ ಹೋಗೋಣ. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಕೂತರೆ ಒಂದೊಂದಾಗಿ ಕಿಟಕಿಗಳು ಎಚ್ಚರಗೊಳ್ಳುತ್ತವೆ. 176 ಕಿಟಕಿಗಳು, ಸುಮಾರು 2,600 ಚದರ ಮೀಟರ್ ಬಣ್ಣದ ಗಾಜು. ಬಹುಪಾಲು 13ನೆಯ ಶತಮಾನದ ಮೊದಲ ನಲವತ್ತು ವರ್ಷಗಳಲ್ಲಿ ಮಾಡಿದ್ದು. ಛಾವಣಿಯ ಭಾರ ಗೋಡೆಯ ಮೇಲೆ ಬಿದ್ದಿದ್ದರೆ ಇಷ್ಟು ಗಾಜು ಕೂರಿಸಲು ಜಾಗವೇ ಇರುತ್ತಿರಲಿಲ್ಲ. ಆ ಭಾರವನ್ನು ಹೊರಗಡೆ ಒತ್ತುಗೊಟ್ಟು ನಿಂತ ಕಲ್ಲಿನ ಕಮಾನುಗಳು ಹೊರುತ್ತವೆ. ಒಳಗಿನ ಗೋಡೆ ಕಿಟಕಿಗೆ ಚೌಕಟ್ಟಾಗಿ ನಿಂತರೆ ಸಾಕು.

ಗಾಜನ್ನು ಮಾಡಿದ ಬಗೆ ಹೇಳದೆ ಅದರ ಬಣ್ಣದ ಮಾತು ಆಡಲಾಗದು. ಮರಳಿಗೆ ಮರದ ಬೂದಿ ಬೆರೆಸಿ ಕಾಯಿಸಿ ಕರಗಿಸುತ್ತಿದ್ದರು. ಬಣ್ಣ ಮೇಲೆ ಬಳಿದದ್ದಲ್ಲ, ಕರಗಿದ ಗಾಜಿಗೇ ಸೇರಿಸಿದ್ದು. ನೀಲಿಗೆ ಕೋಬಾಲ್ಟ್, ಕೆಂಪಿಗೆ ತಾಮ್ರ. ತಾಮ್ರದ ಕೆಂಪು ದಪ್ಪವಾದರೆ ಕಪ್ಪಾಗಿಬಿಡುತ್ತದೆ. ಆದ್ದರಿಂದ ತಿಳಿ ಗಾಜಿನ ಮೇಲೆ ಕೆಂಪಿನ ತೆಳುಪದರ ಕೂಡಿಸುತ್ತಿದ್ದರು. ತುಂಡುಗಳನ್ನು ಆಕಾರಕ್ಕೆ ಕತ್ತರಿಸಿ, ಕಣ್ಣು, ಮೂಗು, ಬಟ್ಟೆಯ ಮಡಿಕೆಗಳನ್ನು ಲೋಹದ ಭಸ್ಮದ ಕಪ್ಪು ಬಣ್ಣದಲ್ಲಿ ಬರೆದು, ಮತ್ತೆ ಸುಟ್ಟು, ಸೀಸದ ಪಟ್ಟಿಗಳಿಂದ ಒಂದಕ್ಕೊಂದು ಹೆಣೆಯುತ್ತಿದ್ದರು. ಗಾಜಿನಲ್ಲಿ ಗುಳ್ಳೆಗಳಿವೆ, ದಪ್ಪ ಒಂದೇ ಸಮನಿಲ್ಲ. ಬೆಳಕು ಪ್ರತಿ ತುಂಡಿನಲ್ಲಿ ಬೇರೆ ಬೇರೆಯಾಗಿ ಒಡೆಯುವುದಕ್ಕೆ ಈ ಒರಟುತನವೇ ಕಾರಣ.

ದಕ್ಷಿಣದ ಕಡೆ, ಗರ್ಭಗುಡಿಯ ಪಕ್ಕದ ಪ್ರದಕ್ಷಿಣೆಯ ಹಾದಿಯಲ್ಲಿ, 'ಚೆಲುವ ಗಾಜಿನ ಮಾತೆ' ಎಂದು ಫ್ರೆಂಚರು ಕರೆಯುವ ಕಿಟಕಿಯಿದೆ. ಸಿಂಹಾಸನದಲ್ಲಿ ಮರಿಯಳು, ಮಡಿಲಲ್ಲಿ ಮಗು, ಹಿಂದೆ ಮಾಣಿಕ್ಯದಂಥ ಕೆಂಪು. ಅವಳ ಉಡುಪಿನ ನೀಲಿ ನಾನು ಇನ್ನೆಲ್ಲೂ ಕಾಣದ ನೀಲಿ. ಕಡುನೀಲಿಯಲ್ಲ, ಒಳಗಿನಿಂದಲೇ ಬೆಳಗಿದ ತಿಳಿನೀಲಿ. ಸುತ್ತಲಿನ ದೇವದೂತರ ಹಿನ್ನೆಲೆಯ ನೀಲಿ ಇದಕ್ಕಿಂತ ಗಾಢ. ಎರಡೂ ಒಂದೇ ಕಿಟಕಿಯಲ್ಲಿರುವುದರಿಂದ ವ್ಯತ್ಯಾಸ ಬರಿಗಣ್ಣಿಗೇ ತಿಳಿಯುತ್ತದೆ. ಮರಿಯಳ ಚಿತ್ರ ಸುಮಾರು 1180ರದು, ಬೆಂಕಿಯಲ್ಲಿ ಉಳಿದದ್ದು. ದೇವದೂತರು ಬೆಂಕಿಯ ನಂತರದವರು. 12ನೆಯ ಶತಮಾನದ ಆ ನೀಲಿಗಾಜಿನಲ್ಲಿ ಸೋಡಾದ ಅಂಶ ಹೆಚ್ಚು. ಅದಕ್ಕೇ ಮಳೆಗಾಳಿಗೆ ಅದು ಕಡಿಮೆ ಮಾಸಿದೆ. ಬೆಂಕಿಯಲ್ಲಿ ಉಳಿದ ಆ ನಾಲ್ಕು ಗಾಜಿನ ಹಲಗೆಗಳನ್ನು ಮೂಲೆಗೆ ಹಾಕದೆ, ಅವುಗಳ ಸುತ್ತ ಹೊಸ ಕಿಟಕಿಯನ್ನೇ ರಚಿಸಿ ನಡುವಿನ ಗೌರವದ ಜಾಗ ಕೊಟ್ಟರು. ನಾನು ಆ ಕಿಟಕಿಯ ಮುಂದೆ ಬಹಳ ಹೊತ್ತು ನಿಂತೆ. ಮೋಡ ಸರಿದಾಗ ಕೆಂಪು ಹಿಂದೆ ಸರಿದು ನೀಲಿ ಮುಂದೆ ಬರುತ್ತಿತ್ತು. ಮೋಡ ಕವಿದರೂ ನೀಲಿ ಆರುತ್ತಿರಲಿಲ್ಲ.

ಈ ಕಿಟಕಿಗಳನ್ನು ಓದಲು ಶುರುಮಾಡಬೇಕಾದದ್ದು ಕೆಳಗಿನಿಂದ. ಹೆಚ್ಚಿನ ಕತೆಗಳು ಕೆಳಗೆ ಆರಂಭವಾಗಿ ಎಡದಿಂದ ಬಲಕ್ಕೆ ಸಾಗುತ್ತಾ ಮೇಲೇರುತ್ತವೆ. ತೀರಾ ಕೆಳಗಿನ ಚಿತ್ರಗಳಲ್ಲಿ ಅನೇಕ ಕಡೆ ಸಂತರಿಲ್ಲ, ಊರಿನ ಕಸುಬುದಾರರಿದ್ದಾರೆ. ಒಂದು ಕಡೆ ಬಡಗಿಗಳು ಮತ್ತು ಪೀಪಾಯಿ ಮಾಡುವವರು. ಅದು ನೋಹನ ನಾವೆಯ ಕಿಟಕಿ, ಮರಗೆಲಸದವರಿಗೆ ತಕ್ಕ ಜಾಗ. ಇನ್ನೊಂದು ಕಡೆ ತುಪ್ಪಳದ ವ್ಯಾಪಾರಿ ಗಿರಾಕಿಗೆ ನಿಲುವಂಗಿ ಬಿಡಿಸಿ ತೋರಿಸುತ್ತಿದ್ದಾನೆ. ಮತ್ತೊಂದರಲ್ಲಿ ಕಲ್ಲುಕುಟಿಗರು ರಾಜನ ಪ್ರತಿಮೆ ಕೆತ್ತುತ್ತಿದ್ದಾರೆ. ನೀರು ಹೊರುವವರು, ನಾಣ್ಯ ಬದಲಿಸಿಕೊಡುವವರು, ರೊಟ್ಟಿ ಮಾರುವವರು ಎಲ್ಲರೂ ಇದ್ದಾರೆ. ನನಗೆ ಅತಿ ಪ್ರಿಯವಾದದ್ದು ದಕ್ಷಿಣದ ಗೋಡೆಯ, ಒಳ್ಳೆಯ ಸಮಾರ್ಯದವನ ಕಿಟಕಿ. ಕೆಳಗೆ ಚಮ್ಮಾರರು ಜೋಡು ಹೊಲಿಯುತ್ತಿದ್ದಾರೆ. ಅವರ ಮೇಲೆ ಯೇಸು ಹೇಳಿದ ಕತೆ ಶುರುವಾಗುತ್ತದೆ: ದಾರಿಹೋಕನನ್ನು ಕಳ್ಳರು ಬಡಿದು ಬಿಸಾಡುತ್ತಾರೆ, ಪುರೋಹಿತ ನೋಡಿಯೂ ನೋಡದಂತೆ ಹೋಗುತ್ತಾನೆ, ಪರಜಾತಿಯ ಸಮಾರ್ಯದವನು ಗಾಯ ಕಟ್ಟಿ, ಕುದುರೆಯ ಮೇಲೆ ಕೂರಿಸಿ, ಛತ್ರಕ್ಕೆ ಕರೆದೊಯ್ಯುತ್ತಾನೆ. ಅದರ ಮೇಲಕ್ಕೆ ಆದಾಮ ಮತ್ತು ಹವ್ವಳ ಕತೆ, ತುತ್ತತುದಿಯಲ್ಲಿ ಕ್ರಿಸ್ತ. ಕಳ್ಳರ ಕೈಗೆ ಸಿಕ್ಕವನು ಸ್ವರ್ಗದಿಂದ ಹೊರಬಿದ್ದ ಮನುಷ್ಯ, ಎತ್ತಿಕೊಂಡವನು ಕ್ರಿಸ್ತ ಎಂಬ ವ್ಯಾಖ್ಯಾನವನ್ನು ಒಂದು ಅಕ್ಷರ ಬರೆಯದೆ ಗಾಜು ಹೇಳಿ ಮುಗಿಸುತ್ತದೆ.

ಕಸುಬುದಾರರ ಈ ಚಿತ್ರಗಳನ್ನು ನೋಡಿ, ಚಮ್ಮಾರರೂ ನೀರು ಹೊರುವವರೂ ಭಕ್ತಿಯಿಂದ ಹಣ ಕೂಡಿಸಿ ಕಿಟಕಿ ಕೊಟ್ಟರು ಎಂದು ಬಹುಕಾಲ ಬರೆಯುತ್ತಾ ಬಂದರು. ಇತ್ತೀಚಿನ ಕೆಲವು ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಊರಿನ ಜಾತ್ರೆಗಳು ನಡೆಯುತ್ತಿದ್ದದ್ದು ಕೆಥೀಡ್ರಲ್ಲಿನ ಸುತ್ತಲೇ, ಪಾದ್ರಿಗಳ ಮಂಡಳಿಯ ಹಿಡಿತದಲ್ಲಿ; ಆ ಚಿತ್ರಗಳು ಪಾದ್ರಿಗಳು ಬಯಸಿದ ವಿಧೇಯತೆಯ ಚಿತ್ರಗಳು ಎಂಬುದು ಅವರ ವಾದ. ಊರಿನವರಿಗೂ ಮಂಡಳಿಗೂ 1210ರಲ್ಲಿ ದಂಗೆಯೇ ಆದದ್ದು ಆ ವಾದಕ್ಕೆ ಬಲ ಕೊಡುತ್ತದೆ. ನಾನು ಈ ಅನುಮಾನವನ್ನು ಗೌರವಿಸುತ್ತೇನೆ. ಎಲ್ಲರೂ ಕೈಜೋಡಿಸಿ ಹಾಡುತ್ತಾ ಕಟ್ಟಿದರು ಎಂಬ ಕತೆ ಕೇಳಲು ಹಿತ, ಆದರೆ ತೆರಿಗೆ ಕಟ್ಟಿದವನ ಸಂಕಟವನ್ನು ಅದು ಮುಚ್ಚಿಬಿಡುತ್ತದೆ. ಹಣ ಯಾರದೇ ಇರಲಿ, ಗಾಜಿನ ಕೆಲಸದವನು ಜೋಡು ಹೊಲಿಯುವ ಕೈಯನ್ನು ಹತ್ತಿರದಿಂದ ನೋಡಿದ್ದ. ಹತ್ತಿರದಿಂದ ನೋಡದವನು ಆ ಬಾಗಿದ ಬೆನ್ನನ್ನು ಹಾಗೆ ಬರೆಯಲಾರ.

ಕನ್ನಡದ ಸಭೆಯಲ್ಲಿ ಒಂದು ಮಾತು ನೆನೆಯದೆ ಮುಂದೆ ಹೋಗಲಾರೆ. ಶಾರ್ತ್ರದಲ್ಲಿ ಪ್ರತಿಷ್ಠೆ ನಡೆದದ್ದು 1260ರಲ್ಲಿ. ಸೋಮನಾಥಪುರದ ಕೇಶವ ದೇವಾಲಯದ್ದು 1258ರಲ್ಲಿ. ಒಂದರ ಸುದ್ದಿ ಇನ್ನೊಂದಕ್ಕೆ ಇರಲಿಲ್ಲ. ಸೋಮನಾಥಪುರದಲ್ಲಿ ಮಲ್ಲಿತಮ್ಮ ತನ್ನ ಹೆಸರನ್ನು ಪ್ರತಿಮೆಗಳ ಕೆಳಗೆ ಕೊರೆದಿದ್ದಾನೆ. ಅದಕ್ಕಿಂತ ನೂರು ವರ್ಷಕ್ಕೂ ಮೊದಲೇ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರು ಬಿಟ್ಟುಹೋಗಿದ್ದಾರೆ. ಶಾರ್ತ್ರದ 13ನೆಯ ಶತಮಾನದ ಮುಖ್ಯ ಶಿಲ್ಪಿ ಯಾರೆಂದು ಯಾರಿಗೂ ತಿಳಿಯದು. ಅಷ್ಟು ದೊಡ್ಡ ಕಟ್ಟಡದ ಮುಂದೆ ನಿಂತಾಗ ನಮ್ಮ ಶಿಲ್ಪಿಗಳ ಹೆಸರು ನಮಗೆ ಗೊತ್ತಿರುವುದು ಎಂಥ ಭಾಗ್ಯ ಎನ್ನಿಸಿತು.

ಮತ್ತೆ ಶಾರ್ತ್ರಕ್ಕೆ ಬಂದರೆ, ಅಲ್ಲಿನ ನೆಲದ ಮೇಲಿನ ಚಕ್ರಸುಳಿಯ ಬಗ್ಗೆ ಬಹಳ ಜನ ಕೇಳುತ್ತಾರೆ. ಹದಿಮೂರು ಮೀಟರಿಗೆ ತುಸು ಕಡಿಮೆ ಅಡ್ಡಳತೆಯ ವೃತ್ತ. ಒಳಗಿನ ದಾರಿ ಸುಮಾರು 260 ಮೀಟರ್. ಕವಲುಗಳಿಲ್ಲ, ದಾರಿ ತಪ್ಪುವಂತಿಲ್ಲ. ವರ್ಷದ ಬಹುಪಾಲು ದಿನ ಅದರ ಮೇಲೆ ಕುರ್ಚಿಗಳಿರುತ್ತವೆ. ಈಸ್ಟರಿಗೆ ಮುಂಚಿನ ವ್ರತಕಾಲದಿಂದ ಶರತ್ಕಾಲದವರೆಗೆ ಶುಕ್ರವಾರಗಳಂದು ತೆರವು ಮಾಡುತ್ತಾರೆ.

ಕಟ್ಟಡಕ್ಕೆ ಮುಂದಿನ ಶತಮಾನಗಳು ಸುಲಭದವಾಗಿರಲಿಲ್ಲ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಛಾವಣಿಯ ಸೀಸವನ್ನು ಕಿತ್ತರು. ನೆಲಮಾಳಿಗೆಯಲ್ಲಿ ಯಾತ್ರಿಕರು ಪೂಜಿಸುತ್ತಿದ್ದ ಮಾತೆಯ ಮರದ ವಿಗ್ರಹವನ್ನು 1793ರಲ್ಲಿ ಸುಟ್ಟರು. 1836ರಲ್ಲಿ ದುರಸ್ತಿಯ ಕೆಲಸ ನಡೆಯುತ್ತಿದ್ದಾಗಲೇ ಬೆಂಕಿ ಹತ್ತಿ, ಕಾಡು ಎಂದೇ ಹೆಸರಾಗಿದ್ದ ಮರದ ತೊಲೆಗಳ ಹಂದರವೆಲ್ಲ ಉರಿದುಹೋಯಿತು. ಕೆಳಗಿನ ಕಲ್ಲಿನ ಕಮಾನುಗಳು ತಡೆದುಕೊಂಡವು. ಆ ಕಾಲದವರು ಮತ್ತೆ ಮರ ಹಾಕಲಿಲ್ಲ. ಎರಕದ ಕಬ್ಬಿಣದ ಹಂದರ ಕಟ್ಟಿ ತಾಮ್ರ ಹೊದಿಸಿದರು. ಇಂದು ದೂರದಿಂದ ಕಾಣುವ ಹಸಿರು ಛಾವಣಿ ಅದೇ. ಪ್ಯಾರಿಸ್ಸಿನ ನೋತ್ರ್ ದಾಮ್ 2019ರಲ್ಲಿ ಉರಿದಾಗ ಫ್ರೆಂಚರು ಓಕ್ ಮರವನ್ನೇ ತಂದು ಹಳೆಯ ರೀತಿಯಲ್ಲೇ ಕಟ್ಟಿದರು. ಒಂದೇ ದೇಶ, ಒಂದೇ ಬಗೆಯ ಅನಾಹುತ, ಎರಡು ತೀರ್ಮಾನಗಳು. ಎರಡೂ ಸರಿ ಎಂಬುದು ನನ್ನ ಎಣಿಕೆ. ಎರಡೂ ಕಡೆ ಯೋಚಿಸಿ ತೀರ್ಮಾನ ಮಾಡಿಯೇ ಕೈಹಾಕಿದರು.

ಎರಡನೆಯ ಮಹಾಯುದ್ಧ ಬರುತ್ತದೆಂದು ತಿಳಿಯುತ್ತಲೇ 1939ರಲ್ಲಿ ಗಾಜನ್ನೆಲ್ಲ ಹಲಗೆ ಹಲಗೆಯಾಗಿ ಬಿಚ್ಚಿ ಪೆಟ್ಟಿಗೆಗಳಲ್ಲಿಟ್ಟರು. ಮೊದಲ ಮಹಾಯುದ್ಧದಲ್ಲೂ ಹೀಗೆ ಇಳಿಸಿದ್ದರು. ಈ ಬಾರಿ ಪೆಟ್ಟಿಗೆಗಳು ದೂರದ ದೊರ್ದೋನ್ಯ ಪ್ರಾಂತ್ಯಕ್ಕೆ ಹೋದವು. 1944ರ ಆಗಸ್ಟ್ 16ರಂದು ಅಮೆರಿಕದ ಸೇನೆ ಊರನ್ನು ಮುತ್ತಿತು. ಜರ್ಮನ್ನರು ಗೋಪುರವನ್ನು ಕಾವಲುಗೋಪುರವಾಗಿ ಬಳಸುತ್ತಿದ್ದಾರೆಂಬ ಅನುಮಾನದಿಂದ ಕೆಥೀಡ್ರಲ್ಲಿಗೆ ಫಿರಂಗಿ ಹೊಡೆಯುವ ಮಾತು ಬಂದಿತ್ತು. ಕರ್ನಲ್ ವೆಲ್ಬಾರ್ನ್ ಗ್ರಿಫಿತ್ ಅದನ್ನು ಪ್ರಶ್ನಿಸಿ, ತಾನೇ ಒಳಹೊಕ್ಕು, ಗೋಪುರ ಹತ್ತಿ ನೋಡಿ, ವೈರಿಗಳಿಲ್ಲವೆಂದು ಸನ್ನೆ ಮಾಡಿದ. ಫಿರಂಗಿ ಹಾರಲಿಲ್ಲ. ಅದೇ ದಿನ ಪಕ್ಕದ ಲೇವ್ ಎಂಬ ಊರಿನಲ್ಲಿ ಗುಂಡಿಗೆ ಸಿಕ್ಕು ಅವನು ಸತ್ತ.

ಕೊನೆಯ ವಿಷಯ ನಮ್ಮ ಕಾಲದ್ದು, ವಾದಕ್ಕೆ ಎಡೆಮಾಡಿದ್ದು. 2009ರಲ್ಲಿ ಆರಂಭವಾದ ಜೀರ್ಣೋದ್ಧಾರದಲ್ಲಿ ಒಳಗೋಡೆಗಳ ಮೇಲಿನ ಶತಮಾನಗಳ ಮಸಿಯನ್ನು ತೆಗೆದರು. ಕೆಳಗೆ 13ನೆಯ ಶತಮಾನದ ತಿಳಿಹಳದಿ ಗಾರೆಯೂ, ಅದರ ಮೇಲೆ ಬರೆದ ಬಿಳಿಯ ಹುಸಿ ಕಲ್ಲುಗೆರೆಗಳೂ ಸಿಕ್ಕವು. ಅದೇ ಬಣ್ಣವನ್ನು ಉಳಿದ ಕಡೆಗೂ ಮರಳಿಸಿದರು. ಕಪ್ಪು ಗೋಡೆಗಳ ನಡುವೆ ಹೊಳೆಯುತ್ತಿದ್ದ ಕಿಟಕಿಗಳ ಗಾಂಭೀರ್ಯ ಹೋಯಿತೆಂದು ಪ್ರಪಂಚದ ಎಲ್ಲೆಡೆಯಿಂದ ಟೀಕೆ ಬಂತು. ಟೀಕಾಕಾರರ ನೋವು ನನಗೆ ಅರ್ಥವಾಗುತ್ತದೆ. ಆದರೂ ಗೋಡೆಗಳ ವಿಷಯದಲ್ಲಿ ನಾನು ಜೀರ್ಣೋದ್ಧಾರಕರ ಪಕ್ಷ. ಮಸಿ ಮೇಣದಬತ್ತಿಯದು, ಎಣ್ಣೆ ಒಲೆಗಳದು. ಗಾರೆ ಕಟ್ಟಿದವರದು, ಅದಕ್ಕೆ ಗೋಡೆಯಲ್ಲೇ ಸಾಕ್ಷಿಯಿದೆ. ಕಿಟಕಿಗಳನ್ನು ತೊಳೆದು, ಹೊರಗಡೆ ಮಳೆ ತಾಗದಂತೆ ಇನ್ನೊಂದು ಗಾಜಿನ ಪದರ ಕೊಟ್ಟದ್ದಂತೂ ದೊಡ್ಡ ಉಪಕಾರ. ಆದರೆ ಕಂಬದ ಮಾತೆ ಎಂದು ಹೆಸರಾದ, 16ನೆಯ ಶತಮಾನದ ಕಪ್ಪು ಮರಿಯಳ ವಿಗ್ರಹಕ್ಕೆ ಬಿಳಿಯ ಮೈಬಣ್ಣ ಕೊಟ್ಟದ್ದನ್ನು ನಾನು ಒಪ್ಪಲಾರೆ. ಮೂಲ ಬಣ್ಣ ಏನೇ ಇದ್ದಿರಲಿ, ತಲೆಮಾರುಗಳ ಭಕ್ತರು ಕೈಮುಗಿದದ್ದು ಕಪ್ಪು ತಾಯಿಗೆ. ಗೋಡೆಗೆ ಬಣ್ಣ ಕಟ್ಟಿದವನದು. ಪೂಜೆಗೊಂಡ ವಿಗ್ರಹದ ಬಣ್ಣದಲ್ಲಿ ಪೂಜಿಸಿದವರಿಗೂ ಹಕ್ಕಿದೆ. ಅವರ ಹಕ್ಕನ್ನು ಅಲ್ಲಿ ಕಡೆಗಣಿಸಿದರು.

ನಿಮ್ಮಲ್ಲಿ ಅನೇಕರ ಮಕ್ಕಳು ಯೂರೋಪಿನಲ್ಲಿದ್ದಾರೆ, ನೀವು ಪ್ಯಾರಿಸ್ಸಿಗೆ ಹೋಗಿಬರುತ್ತೀರಿ. ಆ ಪ್ರವಾಸದಲ್ಲಿ ಒಂದು ಪೂರ್ತಿ ದಿನವನ್ನು ಶಾರ್ತ್ರಕ್ಕೆ ಮೀಸಲಿಡಿ ಎಂದು ಕೇಳಿಕೊಳ್ಳುತ್ತೇನೆ. ಪ್ಯಾಕೇಜ್ ಟೂರಿನವರು ಕೊಡುವ ಅರ್ಧ ಗಂಟೆಯಲ್ಲಿ ಕಣ್ಣು ಕತ್ತಲಿಗೆ ಹೊಂದಿಕೊಳ್ಳುವುದೂ ಕಷ್ಟ. ಬೈನಾಕ್ಯುಲರ್ ಒಯ್ಯಿರಿ, ಮೇಲಿನ ಕಿಟಕಿಗಳು ಅದಿಲ್ಲದೆ ಕಾಣುವುದಿಲ್ಲ. ಬೆಳಿಗ್ಗೆ ನೆಲಮಾಳಿಗೆ ಮತ್ತು ಗರ್ಭಗುಡಿಯ ಕಡೆ ನೋಡಿ, ಸಂಜೆಯ ಬಿಸಿಲಿಗೆ ಪಶ್ಚಿಮದ ಮೂರು ಹಳೆಯ ಕಿಟಕಿಗಳ ಮುಂದೆ ಬನ್ನಿ. ಮಕ್ಕಳನ್ನು, ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ, ಚಮ್ಮಾರರ ಕಿಟಕಿಯ ಕೆಳಗೆ ನಿಲ್ಲಿಸಿ, ಕತೆಯನ್ನು ಕೆಳಗಿನಿಂದ ಮೇಲಕ್ಕೆ ಅವರೇ ಓದಿ ಹೇಳಲಿ. ಒಳಗೆ ಹೋಗಲು ಟಿಕೆಟ್ ಇಲ್ಲ.